ಎರಡು ವರ್ಷ ಅಂದುಕೊಂಡೇ ಬನ್ನಿ, ಆದರೆ ಬಂದ ಮೇಲೆ ಮನೆ ಮಾಡಿ

ದುಬೈಗೆ ಬರುವ ನಮ್ಮ ಕಡೆಯವರ ಬಾಯಲ್ಲಿ ಒಂದು ಮಾತು ತಪ್ಪದೇ ಬರುತ್ತದೆ. "ಎರಡು ವರ್ಷ ಅಷ್ಟೇ, ಆಮೇಲೆ ಊರಿಗೆ." ಕೆಲಸದ ವೀಸಾ ಎರಡು ವರ್ಷದ್ದು, ಹಾಗಾಗಿ ಲೆಕ್ಕವೂ ಎರಡು ವರ್ಷದ್ದೇ. ಅದು ಮುಗಿಯುತ್ತದೆ, ರಿನ್ಯೂ ಆಗುತ್ತದೆ, ಮತ್ತೆ ಎರಡು ವರ್ಷ ಅಷ್ಟೇ ಅನ್ನುತ್ತಾರೆ. ಹೀಗೆ ಅನ್ನುತ್ತಲೇ ಇಲ್ಲೇ ಹುಟ್ಟಿದ ಮಗು ಹತ್ತನೇ ಕ್ಲಾಸಿಗೆ ಬಂದಿರುವ ಮನೆಗಳು ನನಗೆ ಗೊತ್ತು. ಆ ಮನೆಗಳಲ್ಲಿ ಇವತ್ತಿಗೂ ಯಾರೋ ಬಿಟ್ಟು ಹೋದ ಹಳೇ ಹಾಸಿಗೆಯಲ್ಲೇ ಮಲಗುತ್ತಾರೆ, ಬಿಸಿಲು ಬೀಳುವ ಕಿಟಕಿಗೆ ಪೇಪರ್ ಅಂಟಿಸಿರುತ್ತಾರೆ. ಕೇಳಿದರೆ "ಹೋಗೋದೇ ಇದೆಯಲ್ಲ, ಸುಮ್ನೆ ಯಾಕೆ ಖರ್ಚು" ಅನ್ನುತ್ತಾರೆ. ಇದನ್ನು ನೋಡಿದಾಗೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ದುಬೈಯ ಸೋನಾಪುರದ ಕಾರ್ಮಿಕರ ಕ್ಯಾಂಪುಗಳಲ್ಲಿ ಇದ್ದುಕೊಂಡು ಬಿಸಿಲಲ್ಲಿ ದುಡಿದು ಊರಿಗೆ ಹಣ ಕಳಿಸುವ ಅಣ್ಣತಮ್ಮಂದಿರಿಗೆ ನಾನು ಬುದ್ಧಿ ಹೇಳಲು ಹೊರಟಿಲ್ಲ. ಬೆಡ್‌ಸ್ಪೇಸ್‌ನಲ್ಲಿ, ಅಂದರೆ ಹಲವರು ಹಂಚಿಕೊಂಡ ರೂಮಿನಲ್ಲಿ, ಒಂದು ಮಂಚ, ಒಂದು ಪರದೆ, ಒಂದು ಚಾರ್ಜರ್ ಪಾಯಿಂಟ್ ಇಟ್ಟುಕೊಂಡು ಇರುವವರಿಗೂ ಅಲ್ಲ. ಅವರಿಗೆ ಬೇರೆ ದಾರಿ ಇಲ್ಲ, ಅವರ ಶ್ರಮದ ಮುಂದೆ ನನ್ನ ಮಾತು ಸಣ್ಣದು. ಕೈಯಲ್ಲಿ ಸ್ವಲ್ಪ ಇದ್ದೂ ಜೀವನವನ್ನು ಮುಂದೆ ಹಾಕುತ್ತಿರುವ ನಮ್ಮಂಥ ಆಫೀಸ್ ಕೆಲಸದವರಿಗೆ, ಸಂಸಾರ ಕರೆತಂದವರಿಗೆ ಇದು.

ನೆಲೆ ನಿಲ್ಲುವುದಕ್ಕೆ ಇಲ್ಲಿ ಒಂದು ಕ್ರಮ ಇದೆ. ಅದು ಗೊತ್ತಿಲ್ಲದೆ ಬಂದವರು ಮೊದಲ ತಿಂಗಳಲ್ಲೇ ಸೋತು ಹೋಗುತ್ತಾರೆ. ಮೊದಲು ಮೆಡಿಕಲ್, ಅಂದರೆ ರಕ್ತ ಪರೀಕ್ಷೆ ಮತ್ತು ಎದೆಯ ಎಕ್ಸ್‌ರೇ. ಆಮೇಲೆ ಎಮಿರೇಟ್ಸ್ ಐಡಿ, ಅಂದರೆ ಇಲ್ಲಿನ ಗುರುತಿನ ಚೀಟಿ. ಅದು ಕೈಗೆ ಬರುವ ತನಕ ಬ್ಯಾಂಕ್ ಖಾತೆ, ಮನೆ ಎಲ್ಲವೂ ಎಳೆದಾಟವೇ. ಖಾತೆ ಆದ ಮೇಲೆ ಚೆಕ್ ಬುಕ್, ಚೆಕ್ ಬುಕ್ ಇದ್ದರೆ ಮನೆ. ಯಾಕೆಂದರೆ ಇಲ್ಲಿ ಬಾಡಿಗೆ ನಮ್ಮೂರಿನ ಹಾಗೆ ತಿಂಗಳು ತಿಂಗಳು ಕೊಡುವುದು ಕಡಿಮೆ. ವರ್ಷದ ಬಾಡಿಗೆಗೆ ಮುಂದಿನ ತಾರೀಖು ಹಾಕಿದ ಚೆಕ್‌ಗಳನ್ನು ಒಟ್ಟಿಗೆ ಬರೆದುಕೊಡಬೇಕು. ಎಷ್ಟು ಚೆಕ್ ಅನ್ನುವುದರ ಮೇಲೇ ಚೌಕಾಸಿ. ಕಡಿಮೆ ಚೆಕ್ ಕೊಟ್ಟರೆ ಬಾಡಿಗೆಯೂ ಸ್ವಲ್ಪ ಇಳಿಯುತ್ತದೆ.

ಲೆಕ್ಕ ನೋಡಿ. ವರ್ಷಕ್ಕೆ 60,000 ದಿರ್ಹಮ್ ಬಾಡಿಗೆಯ ಒಂದು ಫ್ಲಾಟ್ ಅಂತ ಇಟ್ಟುಕೊಳ್ಳಿ. ಸಾಮಾನ್ಯವಾಗಿ ಶೇ. 5 ಡೆಪಾಸಿಟ್, ಅಂದರೆ 3,000. ಏಜೆಂಟ್ ಕಮಿಷನ್ ಇನ್ನೊಂದು ಶೇ. 5, ಮತ್ತೆ 3,000. ಕರೆಂಟ್ ನೀರಿನ ಕನೆಕ್ಷನ್‌ಗೆ ದೇವಾ (ದುಬೈಯ ವಿದ್ಯುತ್ ಮತ್ತು ನೀರಿನ ಸಂಸ್ಥೆ) ಡೆಪಾಸಿಟ್ ಫ್ಲಾಟ್‌ಗೆ 2,000. ನಾಲ್ಕು ಚೆಕ್ ಆದರೆ ಮೊದಲನೆಯದೇ 15,000. ಬೀಗದ ಕೈ ಸಿಗುವ ಹೊತ್ತಿಗೆ 23,000 ದಿರ್ಹಮ್ ಕೈಬಿಟ್ಟಿರುತ್ತದೆ, ಇನ್ನೂ ಒಂದು ಕುಕ್ಕರ್ ಕೂಡ ಕೊಂಡಿರುವುದಿಲ್ಲ. ಇದರ ಜೊತೆಗೆ ಕರಾರನ್ನು ಇಜಾರಿಯಲ್ಲಿ, ಅಂದರೆ ದುಬೈ ಸರ್ಕಾರದ ಬಾಡಿಗೆ ಕರಾರು ನೋಂದಣಿಯಲ್ಲಿ, ನೋಂದಾಯಿಸಬೇಕು. ಇಜಾರಿ ಇಲ್ಲದೆ ದೇವಾ ಇಲ್ಲ, ಸಂಸಾರ ಕರೆತರುವ ವೀಸಾಗೂ ಮನೆಯ ಕರಾರು ತೋರಿಸಬೇಕು. ಮೊದಲ ದೇವಾ ಬಿಲ್ ಬಂದಾಗ ಅದರಲ್ಲಿ ಹೌಸಿಂಗ್ ಫೀ ಅಂತ ಒಂದು ಸಾಲು ನೋಡಿ ಎಲ್ಲರೂ ಗಾಬರಿಯಾಗುತ್ತಾರೆ. ಅದು ವರ್ಷದ ಬಾಡಿಗೆಯ ಶೇ. 5, ಹನ್ನೆರಡು ತಿಂಗಳಿಗೆ ಹಂಚಿದ್ದು. ನಮ್ಮ ಲೆಕ್ಕದಲ್ಲಿ ತಿಂಗಳಿಗೆ 250 ದಿರ್ಹಮ್. ಇನ್‌ಕಮ್ ಟ್ಯಾಕ್ಸ್ ಇಲ್ಲ ಅಂತ ಹೇಳಿ ಕರೆತರುವವರು ಇದನ್ನೆಲ್ಲ ಹೇಳುವುದಿಲ್ಲ.

ಊರಿಂದ ಹೊರಡುವ ಮುಂಚೆ ಡಿಗ್ರಿ ಸರ್ಟಿಫಿಕೇಟ್, ಮದುವೆ ಸರ್ಟಿಫಿಕೇಟ್, ಮಕ್ಕಳ ಜನನ ಪ್ರಮಾಣಪತ್ರ ಇಷ್ಟನ್ನೂ ಅಟೆಸ್ಟೇಶನ್ (ಸರ್ಕಾರಿ ದೃಢೀಕರಣ) ಮಾಡಿಸಿಕೊಂಡೇ ಬನ್ನಿ. ಇಲ್ಲಿ ಕೂತು ಅಲ್ಲಿ ಮಾಡಿಸುವುದು ದುಬಾರಿ, ಸಮಯವೂ ಜಾಸ್ತಿ. ಇನ್ನೊಂದು, ದಯವಿಟ್ಟು ಅಮ್ಮಂದಿರಿಗೆ ಹೇಳಿ. ಪಾಯಸಕ್ಕೆ ಅಂತ ಗಸಗಸೆ ಪೊಟ್ಟಣ ಬ್ಯಾಗಿಗೆ ಹಾಕಬೇಡಿ. ಇಲ್ಲಿ ಗಸಗಸೆ ಮಾದಕ ವಸ್ತುಗಳ ಲೆಕ್ಕದಲ್ಲಿ ನಿಷೇಧ. ಮಸಾಲೆ ಪುಡಿ ಮನೆಯಲ್ಲಿ ಮಾಡಿ ಕಳಿಸುವುದಾದರೂ ಗಸಗಸೆ ಬಿಟ್ಟು ಮಾಡಿ. ಮಾತ್ರೆ ತರುವುದಾದರೆ ಡಾಕ್ಟರ್ ಚೀಟಿ ಜೊತೆಗಿರಲಿ, ಕೆಲವು ನೋವಿನ ಮಾತ್ರೆ, ನಿದ್ದೆ ಮಾತ್ರೆಗೆ ಮುಂಚೆಯೇ ಅನುಮತಿ ಬೇಕು.

ಇಷ್ಟು ಕಾಗದದ ಮಾತು. ನಾನು ಹೇಳಬೇಕಾಗಿರುವುದು ಮುಂದಿದೆ.

ಮನೆ ಎಲ್ಲಿ ಮಾಡಬೇಕು ಅನ್ನುವ ಪ್ರಶ್ನೆಯಲ್ಲೇ ಈ "ಎರಡು ವರ್ಷ ಅಷ್ಟೇ" ಬಂದು ಕೂರುತ್ತದೆ. ಕೆಲಸ ದುಬೈಯಲ್ಲಿ, ಬಾಡಿಗೆ ಕಡಿಮೆ ಅಂತ ಮನೆ ಪಕ್ಕದ ಶಾರ್ಜಾದಲ್ಲಿ. ಬೆಳಿಗ್ಗೆ ಅಲ್ ಇತ್ತಿಹಾದ್ ರಸ್ತೆಯಲ್ಲಿ ಗಾಡಿಗಳು ಒಂದಕ್ಕೊಂದು ಅಂಟಿಕೊಂಡು ನಿಂತಿರುತ್ತವೆ, ಸಂಜೆ ಅದೇ ರಸ್ತೆ, ಅದೇ ಸಾಲು. ಉಳಿದ ಬಾಡಿಗೆಯ ಒಂದು ಪಾಲು ಪೆಟ್ರೋಲಿಗೂ ಸಾಲಿಕ್ ಟೋಲಿಗೂ ಹೋಗುತ್ತದೆ, ದುಡ್ಡಿಗಿಂತ ಜಾಸ್ತಿ ಹೋಗುವುದು ಮಗುವಿನ ಜೊತೆ ಕೂರಬೇಕಾದ ಸಂಜೆ. ದೊಡ್ಡ ಮನೆ ಬೇಕೇ ಬೇಕು ಅನ್ನುವ ಕೂಡುಕುಟುಂಬಕ್ಕೆ ಶಾರ್ಜಾ ಸರಿ, ಅಲ್ಲೇ ಕೆಲಸ ಇದ್ದವರಿಗಂತೂ ಬಹಳ ಚೆಂದ, ಅಲ್ಲಿನ ಸರ್ಕಾರಿ ಕೆಲಸದವರಿಗೆ ಶುಕ್ರವಾರ ಶನಿವಾರ ಭಾನುವಾರ ಮೂರು ದಿನ ರಜೆಯೂ ಉಂಟು. ಆದರೆ ಗಂಡ ಹೆಂಡತಿ ಒಂದು ಮಗು ಇದ್ದರೆ ಸಣ್ಣ ಮನೆಯೇ ಇರಲಿ, ಮೆಟ್ರೋ ಹತ್ತಿರ ಮಾಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ನಾವಿರುವುದು ದುಬೈಯ ಕುಸೈಸ್‌ನಲ್ಲಿ, ಮೆಟ್ರೋ ಗ್ರೀನ್ ಲೈನ್ ಪಕ್ಕ. ಮಹಿಳೆಯರು ಮಕ್ಕಳಿಗೆ ಬೇರೆಯೇ ಬೋಗಿ ಇದೆ, ರಾತ್ರಿ ಕೆಲಸ ಮುಗಿಸಿ ಒಬ್ಬಳೇ ಬರುವಾಗ ಒಂದು ದಿನವೂ ನನಗೆ ಹೆದರಿಕೆ ಆಗಿಲ್ಲ. ಊರಲ್ಲಿ ಬಸ್‌ಸ್ಟ್ಯಾಂಡಿನಿಂದ ಮನೆಗೆ ನಡೆಯುವಾಗ ಬ್ಯಾಗನ್ನು ಎದೆಗೆ ಅವುಚಿಕೊಂಡು ಹೋಗುತ್ತಿದ್ದ ಹೆಣ್ಣುಮಕ್ಕಳಿಗೆ ಇದರ ಬೆಲೆ ಗೊತ್ತು.

ಬೇಸಿಗೆ ಬಗ್ಗೆ ಎಲ್ಲರೂ ಹೇಳುತ್ತಾರೆ, ಆದರೆ ಅದು ಮನೆಯೊಳಗೆ ಹೇಗಿರುತ್ತದೆ ಅಂತ ಹೇಳುವುದಿಲ್ಲ. ಜುಲೈಯಲ್ಲಿ ತಣ್ಣೀರಿನ ನಲ್ಲಿ ತಿರುಗಿಸಿದರೆ ಕೈ ಎಳೆದುಕೊಳ್ಳುವಷ್ಟು ಬಿಸಿ ನೀರು ಬರುತ್ತದೆ, ಟ್ಯಾಂಕ್ ತಾರಸಿ ಮೇಲೆ ಕಾಯುತ್ತಿರುತ್ತದಲ್ಲ. ಆಗ ಇಲ್ಲಿಯವರು ಗೀಸರ್ ಸ್ವಿಚ್ ಆಫ್ ಮಾಡಿಬಿಡುತ್ತಾರೆ. ಗೀಸರ್ ಮನೆಯೊಳಗೆ ಏಸಿ ತಂಪಿನಲ್ಲಿರುವುದರಿಂದ ರಾತ್ರಿಯಿಡೀ ಅದರಲ್ಲಿ ನಿಂತ ನೀರು ಬೆಳಿಗ್ಗೆಗೆ ತಣ್ಣಗಾಗಿರುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಕೆಂಪು ಗುರುತಿನ ನಲ್ಲಿಯಲ್ಲಿ ತಣ್ಣೀರು, ನೀಲಿಯಲ್ಲಿ ಬಿಸಿನೀರು. ಗೀಸರ್ ತುಂಬಿದಷ್ಟೇ ತಣ್ಣೀರು ಸಿಗುವುದು, ಆದ್ದರಿಂದ ಮಗುವಿಗೆ ಮೊದಲ ಸ್ನಾನ, ಆಮೇಲೆ ಉಳಿದವರು. ಇದನ್ನು ನನಗೆ ಹೇಳಿಕೊಟ್ಟವರು ಪಕ್ಕದ ಮನೆಯ ತ್ರಿಶೂರಿನ ಚೇಚಿ. ಇಂಥ ಸಣ್ಣ ಸಣ್ಣ ತಿಳಿವಳಿಕೆ ಯಾವ ವೆಬ್‌ಸೈಟಿನಲ್ಲೂ ಸಿಗುವುದಿಲ್ಲ. ಬಾಗಿಲು ತೆಗೆದು ಪಕ್ಕದವರನ್ನು ಮಾತಾಡಿಸಿದರೆ ಮಾತ್ರ ಸಿಗುತ್ತದೆ. "ಹೋಗೋದೇ ಇದೆಯಲ್ಲ" ಅಂದುಕೊಂಡವರು ಪಕ್ಕದ ಮನೆಯ ಬಾಗಿಲು ತಟ್ಟುವುದೇ ಇಲ್ಲ.

ಅದೇ ಬೇಸಿಗೆಯಲ್ಲಿ ಹೊರಗೆ ದುಡಿಯುವವರೂ ಇದ್ದಾರೆ. ಜೂನ್ 15ರಿಂದ ಸೆಪ್ಟೆಂಬರ್ 15ರ ತನಕ ಮಧ್ಯಾಹ್ನ ಹನ್ನೆರಡೂವರೆಯಿಂದ ಮೂರರ ತನಕ ನೇರ ಬಿಸಿಲಿನಲ್ಲಿ ಕೆಲಸ ಮಾಡಿಸುವಂತಿಲ್ಲ ಅಂತ ಕಾನೂನಿದೆ. ಒಳ್ಳೆಯದು, ಆದರೆ ಆ ಹೊತ್ತಿನ ಆಚೆಗೂ ಬಿಸಿಲು ಬಿಸಿಲೇ. ನಮ್ಮ ಆಫೀಸ್ ಬಾಗಿಲಲ್ಲಿ ಡೆಲಿವರಿ ಹುಡುಗರಿಗೆ ಅಂತ ತಣ್ಣೀರು ಬಾಟಲಿಗಳನ್ನು ಇಡುತ್ತೇವೆ. ನೀವೂ ಇಡಿ.

2024ರ ಏಪ್ರಿಲ್ 16ರ ಮಳೆ ನೆನಪಿರಬೇಕಲ್ವಾ. 75 ವರ್ಷದಲ್ಲೇ ದೊಡ್ಡ ಮಳೆ ಅಂದರು, ಅಲ್ ಐನ್ ಕಡೆ ಒಂದು ಕಡೆಯಂತೂ ಒಂದೇ ದಿನದೊಳಗೆ 254 ಮಿಲಿಮೀಟರ್ ಬಿತ್ತು. ನಮ್ಮ ಬಿಲ್ಡಿಂಗ್‌ನಲ್ಲಿ ಲಿಫ್ಟ್ ನಿಂತಿತು, ನೆಲಮಾಳಿಗೆಯ ಪಾರ್ಕಿಂಗ್ ತುಂಬಿತು, ನಲ್ಲಿಯಲ್ಲಿ ನೀರಿಲ್ಲ. ಆಗ ಮೇಲಿನ ಮಹಡಿಯಲ್ಲಿದ್ದ ವಯಸ್ಸಾದ ಅಮ್ಮನಿಗೆ ನೀರಿನ ಕ್ಯಾನ್ ಹೊತ್ತು ಕೊಟ್ಟವನು ಪೇಶಾವರದ ಹುಡುಗ. ಕೆಳಗಿನ ಗ್ರೋಸರಿಯ ಮಲಬಾರಿ ಕಾಕ ಮೊಣಕಾಲುದ್ದ ನೀರಲ್ಲಿ ನಿಂತು ಹಾಲು, ಕುಬ್ಬೂಸ್ ರೊಟ್ಟಿ ಹಂಚಿದರು, ದುಡ್ಡು ಆಮೇಲೆ ಅಂದರು. ಒಬ್ಬರ ಮನೆಯ ಗ್ಯಾಸಿನಲ್ಲಿ ಮೂರು ಮನೆಯ ಅಡುಗೆ ಆಯಿತು. ಅವತ್ತು ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿದ್ದ ಮಹಡಿಗಳು ನೆಮ್ಮದಿಯಾಗಿದ್ದವು. ಯಾರ ಪರಿಚಯವೂ ಇಲ್ಲದೆ ಇದ್ದವರು ಬಾಗಿಲು ಹಾಕಿಕೊಂಡು ಹೆದರಿ ಕೂತಿದ್ದರು, ಅವರಲ್ಲಿ ಹಲವರು ಬಹಳ ವರ್ಷದಿಂದ ಅಲ್ಲೇ ಇದ್ದವರು.

ಇಲ್ಲಿನ ಭದ್ರತೆ ಗಟ್ಟಿ ಅಂತ ನಾನು ಹೇಳುತ್ತಿಲ್ಲ. ವೀಸಾ ಕೆಲಸಕ್ಕೆ ಕಟ್ಟಿದ್ದು. ಕೆಲಸ ಹೋದರೆ ಕೆಲವು ದಿನಗಳ ಗಡುವಿನಲ್ಲಿ ಬೇರೆ ಕೆಲಸ ಹುಡುಕಬೇಕು ಅಥವಾ ಹೊರಡಬೇಕು, ಮಗು ಎಷ್ಟನೇ ಕ್ಲಾಸಿನಲ್ಲಿದೆ ಅಂತ ಯಾರೂ ಕೇಳುವುದಿಲ್ಲ. ಇಲ್ಲೇ ಹುಟ್ಟಿ ಬೆಳೆದವರಿಗೂ ಅದೇ ಪಾಡು. ಈ ಭಯ ಪ್ರತಿಯೊಬ್ಬರ ಎದೆಯಲ್ಲೂ ಇದೆ, ನನ್ನಲ್ಲೂ ಇದೆ. ಅದಕ್ಕೆ ಮದ್ದು ಕಿಟಕಿಗೆ ಪರದೆ ಹಾಕದೇ ಇರುವುದಲ್ಲ. ನಿಮ್ಮ ಹಕ್ಕು ಏನು ಅಂತ ತಿಳಿದುಕೊಳ್ಳುವುದು. ಒಂದು ವರ್ಷ ಮುಗಿದ ಮೇಲೆ ಕೆಲಸ ಬಿಟ್ಟರೆ ಗ್ರಾಚ್ಯುಟಿ ಬರುತ್ತದೆ, ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಮೂಲ ಸಂಬಳ, ಆಮೇಲೆ 30 ದಿನದ್ದು. ಮೂಲ ಸಂಬಳ ಅನ್ನುವುದನ್ನು ಗಮನಿಸಿ. ಆಫರ್ ಲೆಟರ್‌ನಲ್ಲಿ ಒಟ್ಟು ಸಂಬಳ ದಪ್ಪ ಅಕ್ಷರದಲ್ಲಿ ಇರುತ್ತದೆ, ಬೇಸಿಕ್ ಮಾತ್ರ ಚಿಕ್ಕದಾಗಿರುತ್ತದೆ, ಸಹಿ ಹಾಕುವ ಮುಂಚೆ ಅದರ ಬಗ್ಗೆಯೇ ಮಾತಾಡಿ. 2023ರಿಂದ ಕೆಲಸ ಕಳೆದುಕೊಂಡವರಿಗೆ ವಿಮೆ ಬಂದಿದೆ. ಬೇಸಿಕ್ 16,000 ದಿರ್ಹಮ್ ಒಳಗಿದ್ದರೆ ತಿಂಗಳಿಗೆ ಐದು ದಿರ್ಹಮ್ ಕಟ್ಟಬೇಕು, ಕೆಲಸದಿಂದ ತೆಗೆದರೆ ಬೇಸಿಕ್‌ನ ಶೇ. 60 ಮೂರು ತಿಂಗಳ ತನಕ ಸಿಗುತ್ತದೆ. ಕನಿಷ್ಠ ಒಂದು ವರ್ಷ ಕಟ್ಟಿರಬೇಕು. ಕಂಪನಿಯವರು ಪಾಸ್‌ಪೋರ್ಟ್ ಇಟ್ಟುಕೊಳ್ಳುತ್ತೇವೆ ಅಂದರೆ ಕೊಡಬೇಡಿ, ಅದು ಕಾನೂನಿಗೆ ವಿರುದ್ಧ.

ಚೆನ್ನಾಗಿ ಬದುಕಿ ಅಂದ ಮಾತ್ರಕ್ಕೆ ಸಾಲ ಮಾಡಿ ಅಂತಲೂ ಅಲ್ಲ. ಸಂಬಳ ಖಾತೆಗೆ ಬೀಳುವ ಮೊದಲೇ ಕ್ರೆಡಿಟ್ ಕಾರ್ಡಿನವರ ಫೋನ್ ಶುರುವಾಗುತ್ತದೆ. ಸಾಲ ಇಟ್ಟುಕೊಂಡು ಕೆಲಸ ಕಳೆದುಕೊಂಡವರು ಪಡುವ ಕಷ್ಟ ಹತ್ತಿರದಿಂದ ನೋಡಿದ್ದೇನೆ. ಆರು ತಿಂಗಳ ಖರ್ಚು ಬೇರೆ ಖಾತೆಯಲ್ಲಿ ಇಟ್ಟುಬಿಡಿ, ಉಳಿದಿದ್ದರಲ್ಲಿ ಬದುಕಿ.

ಬದುಕುವುದು ಅಂದರೆ ದೊಡ್ಡ ಖರ್ಚೇನೂ ಬೇಡ. ದೇರಾದಿಂದ ಬರ್ ದುಬೈಗೆ ಖಾಡಿ ದಾಟುವ ಅಬ್ರಾ ದೋಣಿಗೆ ಒಂದೇ ದಿರ್ಹಮ್. ಸಂಜೆ ಹೊತ್ತು ಅದರಲ್ಲಿ ಕೂತು ಆಚೆ ದಡ ಸೇರಿ, ಮೀನಾ ಬಜಾರಿನಲ್ಲಿ ಕರಕ್ ಚಹಾ ಕುಡಿದು ಬರಬಹುದು. ನವೆಂಬರ್ ಬಂತು ಅಂದರೆ ಮಮ್ಜರ್ ಬೀಚ್, ಝಬೀಲ್ ಪಾರ್ಕ್, ಹತ್ತಾ ಬೆಟ್ಟ ಎಲ್ಲ ಎಷ್ಟು ಚೆಂದ. ಇಷ್ಟು ವರ್ಷ ಇದ್ದೂ ಅಬ್ರಾ ಹತ್ತದವರು ಇದ್ದಾರೆ, "ಊರಿಗೆ ಹೋಗೋ ಮುಂಚೆ ಒಂದ್ಸಲ ನೋಡೋಣ" ಅನ್ನುತ್ತಾರೆ. ಹಾಗೆ ಅಂದವರೇ ಕೊನೆಗೆ ಒಂದು ವಾರದಲ್ಲಿ ಮನೆ ಖಾಲಿ ಮಾಡಿ ಕಾರ್ಗೋ ಕಟ್ಟಿ ಹೊರಟಿದ್ದನ್ನು ಕಂಡಿದ್ದೇನೆ.

ಮಕ್ಕಳ ವಿಷಯದಲ್ಲಂತೂ ಇದನ್ನು ಮುಂದೆ ಹಾಕಲೇಬೇಡಿ. "ಊರಿಗೆ ಹೋದ ಮೇಲೆ ಕನ್ನಡ ಕಲಿಯುತ್ತಾನೆ ಬಿಡಿ" ಅನ್ನುವ ಅಪ್ಪ ಅಮ್ಮಂದಿರೇ, ಅವನು ಊರಿಗೆ ಹೋಗುವಾಗ ಕಾಲೇಜಿಗೆ ಬಂದಿರುತ್ತಾನೆ, ಅಜ್ಜಿಯ ಹತ್ತಿರ ಇಂಗ್ಲಿಷಿನಲ್ಲಿ ಮಾತಾಡುತ್ತಾನೆ. ವಾಟ್ಸ್ಯಾಪ್ ಕಾಲ್ ಇಲ್ಲಿ ನಡೆಯುವುದಿಲ್ಲ, ಎಲ್ಲರೂ ಬೋಟಿಮ್ ಆ್ಯಪ್ ಹಾಕಿಕೊಂಡಿರುತ್ತೇವೆ, ಅದರಲ್ಲಿ ಅಜ್ಜಿಯ ಮುಖ ಕಾಣುವಾಗ ಮಗುವಿಗೆ ಮಾತು ಬರಬೇಕಲ್ವಾ? ಇಲ್ಲಿ ಕನ್ನಡ ಮಿತ್ರರು ಸೇರಿ ಕನ್ನಡ ಪಾಠಶಾಲೆ ನಡೆಸುತ್ತಿದ್ದಾರೆ, ತಮ್ಮ ರಜೆ ಬಿಟ್ಟು ಮಕ್ಕಳಿಗೆ ಅಕ್ಷರ ಕಲಿಸುತ್ತಾರೆ. ಅವರಿಗೆ ನಾವು ಎಷ್ಟು ಕೈ ಮುಗಿದರೂ ಸಾಲದು. ಮಗುವನ್ನು ಈ ವರ್ಷವೇ ಸೇರಿಸಿ.

ಹೊಸದಾಗಿ ಬರುತ್ತಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ ಸಂಕೋಚ ಬಿಟ್ಟು ಮೆಸೇಜ್ ಮಾಡಿ. ಸರ್ಕಾರಿ ಅರ್ಜಿ ತುಂಬಿಕೊಡುವ ಟೈಪಿಂಗ್ ಸೆಂಟರ್‌ಗೆ ಯಾವ ಕಾಗದ ಒಯ್ಯಬೇಕು, ಯಾವ ಅಂಗಡಿಯಲ್ಲಿ ರಾಗಿ ಹಿಟ್ಟು ಚೆನ್ನಾಗಿ ಸಿಗುತ್ತದೆ, ಮೊದಲ ದೇವಾ ಬಿಲ್ ಹೇಗೆ ಓದಬೇಕು, ಏನು ಬೇಕಾದರೂ ಕೇಳಿ. ಶನಿವಾರ ನಮ್ಮನೆಯಲ್ಲಿ ಅಕ್ಕಿ ರೊಟ್ಟಿ, ಕುಸೈಸ್ ಕಡೆ ಇರುವವರು ಬಂದರೆ ಇನ್ನೂ ಸಂತೋಷ.