ಕೊಂಬು ಬಂದ ಜಿಂಕೆ

ದುಡ್ಡು ಕೊಟ್ಟು ಒಳಗೆ ಬಂದರೆ ಏನೂ ಕಾಣುವುದಿಲ್ಲವಲ್ಲ! ಇಂಗ್ಲೆಂಡಿನ ಹಳೆಯ ಸಿರಿವಂತರ ಮನೆಗಳನ್ನು ನೋಡಹೋದವರ ಮೊದಲ ಗೊಣಗಾಟ ಇದು. ಹೊರಗೆ ಅಪರೂಪಕ್ಕೆ ಬಿಸಿಲು ಬಿದ್ದಿರುತ್ತದೆ, ಒಳಗೆ ಅಮಾವಾಸ್ಯೆ. ಈ ಗೊಣಗಾಟಕ್ಕೆ ಹೆಚ್ಚು ನ್ಯಾಯವಿರುವುದು ಡರ್ಬಿಶೈರಿನ ಹಾರ್ಡ್‌ವಿಕ್ ಹಾಲ್‌ನಲ್ಲಿ. 1590ರ ದಶಕದಲ್ಲಿ, ಗಾಜು ದುಬಾರಿಯಾಗಿದ್ದ ಕಾಲಕ್ಕೆ, ‘ಗೋಡೆಗಿಂತ ಗಾಜೇ ಹೆಚ್ಚು’ ಎಂದು ಜನ ಪದ ಕಟ್ಟುವ ಹಾಗೆ ಬೆಸ್ ಎಂಬ ಗಟ್ಟಿಗಿತ್ತಿ ಕಟ್ಟಿಸಿದ ಮನೆ ಅದು. ಈಗ ಆ ಕಿಟಕಿಗಳಿಗೆ ಪರದೆ ಇಳಿಬಿಟ್ಟಿರುತ್ತಾರೆ.

ಬೆಳಕು ಹಳೆಯ ಬಟ್ಟೆ, ಚಿತ್ರಗಳ ಬಣ್ಣ ತಿನ್ನುತ್ತದೆ ಎಂದು. ಲೆಕ್ಕವೇನೋ ಸರಿಯಾಗಿಯೇ ಇದೆ. ರೇಷ್ಮೆ, ಜಲವರ್ಣ ಚಿತ್ರ ಇಂಥವಕ್ಕೆ 50 ಲಕ್ಸ್ (ಲಕ್ಸ್ ಎಂದರೆ ಬೆಳಕಿನ ಅಳತೆ), ತೈಲಚಿತ್ರಕ್ಕೆ 200. ನಾಜೂಕಿನ ಬಟ್ಟೆಗೆ ವರ್ಷದ ಪಡಿ ಸುಮಾರು 1,50,000 ಲಕ್ಸ್-ಗಂಟೆ, ಅಂದರೆ ಲಕ್ಸನ್ನು ಬೆಳಕು ಬಿದ್ದ ಗಂಟೆಗಳಿಂದ ಗುಣಿಸಿದ್ದು. 50,000 ಲಕ್ಸಿನ ನೇರ ಬಿಸಿಲು ಅದನ್ನು ಮೂರೇ ಗಂಟೆಯಲ್ಲಿ ತಿಂದು ಮುಗಿಸುತ್ತದೆ. ಮಾಸಿದ ಬಣ್ಣ ಮರಳಿ ಬರುವುದಿಲ್ಲ. ಆದ್ದರಿಂದ ತಂಪು ಕನ್ನಡಕ ತೆಗೆದು ಬಾಗಿಲ ಬಳಿ ಐದು ನಿಮಿಷ ಸುಮ್ಮನೆ ನಿಲ್ಲಿ, ಕಣ್ಣು ಹೊಂದಿಕೊಳ್ಳುತ್ತದೆ. ಹೆಚ್ಚಿನವರು ಆ ಐದು ನಿಮಿಷದಲ್ಲೇ ಮನೆಯ ಅತಿ ಚಂದದ ಹಜಾರವನ್ನು ದಾಟಿಹೋಗಿ, ಆಮೇಲೆ ಬೈಯುತ್ತಾರೆ.

ಹಾರ್ಡ್‌ವಿಕ್‌ನ ಉದ್ದ ಗ್ಯಾಲರಿಯಲ್ಲಿ ಬೈಬಲ್ಲಿನ ವೀರ ಗಿಡಿಯನ್‌ನ ಕಥೆಯ 13 ಟ್ಯಾಪೆಸ್ಟ್ರಿಗಳಿವೆ (ಗೋಡೆಗೆ ತೂಗುಬಿಡುವ, ಚಿತ್ರ ನೇಯ್ದ ಬಟ್ಟೆಗಳು), ಒಂದೊಂದೂ ಸುಮಾರು ಆರು ಮೀಟರ್ ಎತ್ತರ. 1578ರಲ್ಲಿ ರಾಣಿ ಮೊದಲನೇ ಎಲಿಜಬೆತ್‌ಳ ಆಪ್ತ ಕ್ರಿಸ್ಟೋಫರ್ ಹ್ಯಾಟನ್‌ಗಾಗಿ ನೇಯ್ದದ್ದು. ಆತ ಸಾಲ ಬಿಟ್ಟು ಸತ್ತ. ಬೆಸ್ 1592ರಲ್ಲಿ ವಾರಸುದಾರನಿಂದ ಇಡೀ ಸೆಟ್ಟನ್ನು ಕೊಂಡಳು. ಕೊಳ್ಳುವಾಗ ಒಂದು ತಕರಾರು ತೆಗೆದಳು: ಇದರ ತುಂಬ ನಿಮ್ಮ ಮನೆತನದ ಲಾಂಛನವಿದೆ, ಬದಲಿಸುವ ಖರ್ಚು ಯಾರದು? ಮುನ್ನೂರು ಪೌಂಡಿಗೂ ಮೇಲಿನ ವ್ಯಾಪಾರದಲ್ಲಿ ಐದು ಪೌಂಡು ಇಳಿಸಿಕೊಂಡಳು. ಇಳಿಸಿಕೊಂಡವಳು ಮತ್ತೆ ನೇಯಿಸಿದಳೇ? ಎಲ್ಲಿಯ ಮಾತು! ತನ್ನ ಲಾಂಛನ ಬರೆಸಿದ ಬಟ್ಟೆಯ ತೇಪೆಯನ್ನು ಹ್ಯಾಟನ್‌ನ ಲಾಂಛನದ ಮೇಲೆ ಹಚ್ಚಿಸಿದಳು. ಅವನ ಗುರುತು ಹೆಣ್ಣು ಜಿಂಕೆ, ಇವಳ ಎರಡನೆಯ ಗಂಡನ ಕ್ಯಾವೆಂಡಿಶ್ ಮನೆತನದ್ದು ಗಂಡು. ಹೆಣ್ಣು ಜಿಂಕೆಗಳಿಗೆಲ್ಲ ಕೊಂಬು ಬಂದವು, ಕೆಲಸ ಮುಗಿಯಿತು. ನಾಲ್ಕು ಶತಮಾನದ ಹೊಗೆ, ಧೂಳು, ಬೆಳಕು ತಿಂದ ಆ 13 ಟ್ಯಾಪೆಸ್ಟ್ರಿಗಳನ್ನು ಒಂದೊಂದಾಗಿ ಇಳಿಸಿ, ತೊಳೆದು, ಹಿಂದೆ ಬಟ್ಟೆ ಕೊಟ್ಟು ಹೊಲಿಯುವ ಕೆಲಸ 24 ವರ್ಷ ಹಿಡಿದು 2023ರಲ್ಲಿ ಮುಗಿಯಿತು. ಈಗ ಹೋದರೆ ಕೊಂಬುಗಳನ್ನು ಹುಡುಕಿ. ಕೋಣೆಯಲ್ಲಿ ಕೂತಿರುವ ಸ್ವಯಂಸೇವಕರನ್ನು ಕೇಳಿದರೆ ಸಂತೋಷದಿಂದ ತೋರಿಸುತ್ತಾರೆ, ಕೆಲವೊಮ್ಮೆ ಬೇಕಾದ್ದಕ್ಕಿಂತ ಹೆಚ್ಚು ಸಂತೋಷದಿಂದ.

ಕಿರಿಕಿರಿಗಳು ಇನ್ನೂ ಇವೆ. ಬೆನ್ನಿನ ಚೀಲವನ್ನು ಎದೆಗೆ ಹಾಕಿಕೊಳ್ಳಬೇಕು. ತಿರುಗುವಾಗ ಅದು ಪಿಂಗಾಣಿಗೆ ಬಡಿದರೆ ನಮಗೆ ಗೊತ್ತೇ ಆಗುವುದಿಲ್ಲ, ಒಪ್ಪೋಣ. ಚೂಪು ಹಿಮ್ಮಡಿಯ ಚಪ್ಪಲಿ ಬೇಡ. ಮೈಭಾರವೆಲ್ಲ ಉಗುರಿನಗಲ ಜಾಗಕ್ಕೆ ಬಿದ್ದು ಮರದ ನೆಲ ತಗ್ಗಾಗುತ್ತದೆ, ಅದನ್ನೂ ಒಪ್ಪೋಣ. ಆದರೆ ಕುರ್ಚಿಯ ಮೇಲಿನ ಆ ಒಣ ಮುಳ್ಳುಹೂವು! ‘ಕೂರಬೇಡಿ’ ಎಂದು ನೆಟ್ಟಗೆ ಬರೆಯಲು ನಾಚಿಕೊಂಡು ಮುಳ್ಳಿಡುವುದಕ್ಕೆ ಸಭ್ಯತೆ ಎಂದು ಹೆಸರು.

ಗಡಿಯಾಚೆ ವೇಲ್ಸ್‌ನ ಪೋವಿಸ್ ಕೋಟೆಗೆ ಟಿಪ್ಪುವಿನ ಡೇರೆ ನೋಡಹೋಗುವ ಕನ್ನಡಿಗರಿಗೂ ಮಬ್ಬೇ ಗತಿ, ಅದೂ ಬಣ್ಣದ ಹತ್ತಿಬಟ್ಟೆ. ಅಲ್ಲಿ ಸಿಟ್ಟಾಗಲು ಕತ್ತಲೆಗಿಂತ ದೊಡ್ಡ ಕಾರಣಗಳಿವೆ.

ಬೆಳಕೇ ಬೇಕೆನ್ನುವವರು ಅಡುಗೆಮನೆಗೆ ಹೋಗಿ. ತಾಮ್ರದ ಪಾತ್ರೆ, ಕಲ್ಲುನೆಲ ಬಿಸಿಲಿಗೆ ಮಾಸುವುದಿಲ್ಲ, ಕಿಟಕಿಗೆ ಪರದೆ ಬೇಕಿಲ್ಲ. ಕೊನೆಗೆ ನೋಡಿದರಾಯಿತು ಎಂದುಕೊಳ್ಳಬೇಡಿ. ಮುಚ್ಚುವ ಹೊತ್ತಿಗಿಂತ ಬಹಳ ಮೊದಲೇ ಒಳಗೆ ಬಿಡುವುದನ್ನು ನಿಲ್ಲಿಸುವ ಮನೆಗಳು ಎಷ್ಟೋ.