ಸಾಲಗಾಮೆ ರೋಡಲ್ಲಿ ಸೈಟ್ ನೋಡೋಕೆ ಹೋದ್ವಿ ಕಣ್ರಪ್ಪ

ಬೆಂಗಳೂರಲ್ಲಿರೋ ನನ್ ಭಾವಮೈದಂಗೆ ಹಾಸನದಲ್ಲೊಂದು ಸೈಟ್ ಬೇಕಂತೆ. ಎರಡು ಭಾನುವಾರ ಅವನ ಜೊತೆ ಅಲೆದಿದ್ದಕ್ಕೆ ಈ ಬರಹ, ಬೈಯೋರು ಕಾಮೆಂಟಲ್ಲಿ ಬೈರಿ.

ವಿದ್ಯಾನಗರದಲ್ಲಿ ಒಂದು 30-40 ನೋಡಿದ್ವಿ. ರೇಟ್ ಕೇಳಿ ನಮ್ ಹುಡುಗ ನೀರು ಕುಡಿದ. ಇಂಜಿನಿಯರಿಂಗ್ ಕಾಲೇಜು ಹತ್ರ, ಪಿಜಿ ಕಟ್ಟಿ ಬಾಡಿಗೆಗೆ ಬಿಡ್ಬೋದು ಅಂತ ಎಲ್ರೂ ಅದನ್ನೇ ಹೇಳ್ತಾರೆ, ಸರಿ ಬಿಡಿ. ಅದೇ ರೋಡಲ್ಲಿ ಇನ್ನೊಂದಷ್ಟು ದೂರ ಹೋಗಿ ಟೌನ್ ಲಿಮಿಟ್ ದಾಟಿದ್ರೆ ಹೆಚ್ಚುಕಮ್ಮಿ ಅರ್ಧ ರೇಟು. ಗಾಡೀಲಿ ಹತ್ತು ನಿಮಿಷ ಅಷ್ಟೇ. ಇವ್ನು ಆಗ್ಲೇ ಮನೆ ಪ್ಲಾನ್ ಹಾಕ್ತಾವ್ನೆ.

ನಾನು ಬ್ರೋಕರ್ ಹತ್ರ ಅಳತೆ ಎಷ್ಟು ಅಂದೆ. "ಒಂದ್ ಗುಂಟೆ ಸಾರ್, 30-40 ಲೆಕ್ಕಾನೇ" ಅಂದ. ಅಲ್ಲಪ್ಪ, ಗುಂಟೆ ಅಂದ್ರೆ 1089 ಅಡಿ, 30-40 ಅಂದ್ರೆ 1200, ಮಧ್ಯದಲ್ಲಿ 111 ಅಡಿ, ಅಂದ್ರೆ ಒಂದು ರೂಮೇ ಮಾಯ! ಸ್ಕ್ವೇರ್ ಫೀಟ್ ಲೆಕ್ಕಕ್ಕೆ ಇಳಿಸಿದ್ರೆ ಆ ಅರ್ಧ ರೇಟು ಅಲ್ಲೇ ಸ್ವಲ್ಪ ಮೇಲೆ ಹೋಯ್ತು.

ಆಮೇಲೆ ಖಾತೆ ಕೇಳಿದ್ರೆ 11ಬಿ, ಅಂದ್ರೆ ಲೇಔಟ್ ಅಪ್ರೂವ್ ಆಗದ ಪಂಚಾಯ್ತಿ ಸೈಟಿನ ಖಾತೆ. ಹೊಲ ಮನೆ ಜಾಗಕ್ಕೆ ಕನ್ವರ್ಷನ್ ಆಗಿ, ಲೇಔಟ್ ಅಪ್ರೂವ್ ಆಗಿ, ಪಂಚಾಯ್ತಿ ಕೊಡೋ ಫಾರಂ 9 ಮತ್ತು 11ಎ ಇರೋದಾದ್ರೆ ಪಂಚಾಯ್ತಿ ಸೈಟಾದ್ರೂ ನಾನೇ ತಗೋ ಅಂತಿದ್ದೆ, ಇದು ಆ ಜಾತಿದಲ್ಲ. ಬ್ಯಾಂಕಲ್ಲಿ ಕೇಳಿದ್ವಿ, ಅವ್ರು ಫೈಲನ್ನ ಪೂರ್ತಿ ತೆಗೀಲೂ ಇಲ್ಲ. ಈಗ ನೋಡಿ, ದುಬಾರಿ ಸೈಟಿಗೆ ಲೋನ್ ಸಿಗುತ್ತೆ, ತಿಂಗಳು ತಿಂಗಳು ಕಟ್ಕೊಂಡು ಹೋಗ್ಬೋದು, ಆದ್ರೆ ಅಗ್ಗದ ಸೈಟಿಗೆ ಪೂರ್ತಿ ದುಡ್ಡು ಒಂದೇ ಸಲ ಕೈಯಿಂದ ಇಡ್ಬೇಕು, ಅಂದ್ರೆ ಕಮ್ಮಿ ರೇಟಿನ ಸೈಟ್ ತಗೊಳೋಕೆ ದುಡ್ಡಿರೋನೇ ಆಗ್ಬೇಕು! ಇದನ್ನ ಯಾವ ಬ್ರೋಕರೂ ಹೇಳಲ್ಲ. ಇವ್ನ ಹತ್ರ ಕ್ಯಾಶ್ ಇದ್ದಿದ್ರೆ ನನ್ಯಾಕೆ ಕರೀತಿದ್ದ.

ಇನ್ನು ನೀರು. ಟೌನಲ್ಲಿ ದಿನಾ ಬರ್ದಿದ್ರೂ ನಲ್ಲೀಲಿ ಹೇಮಾವತಿ ನೀರು ಬರುತ್ತೆ. ಅಲ್ಲಿ ಬೋರ್ ಹಾಕಿಸ್ಬೇಕು, ಯುಜಿಡಿ ಅಂದ್ರೆ ಒಳಚರಂಡಿ ಇಲ್ಲ, ಪಿಟ್ ತೋಡಿಸ್ಬೇಕು. ರಿಜಿಸ್ಟ್ರೇಷನ್ ಖರ್ಚು ಎರಡು ಕಡೆನೂ ತಪ್ಪಿದ್ದಲ್ಲ, ಸ್ಟಾಂಪ್ ಡ್ಯೂಟಿ 5 ಪರ್ಸೆಂಟು, ಮೇಲೆ ಸೆಸ್ಸು ಸರ್‌ಚಾರ್ಜು, 2025ರ ಆಗಸ್ಟ್ ಕೊನೆಯಿಂದ ಫೀಸೂ 1 ಇದ್ದಿದ್ದು 2 ಪರ್ಸೆಂಟ್ ಆಗಿದೆ, ಎಲ್ಲಾ ಸೇರಿ ಏಳೂವರೆ ದಾಟುತ್ತೆ. 30 ಲಕ್ಷಕ್ಕೆ ಎರಡೂಕಾಲು ಲಕ್ಷದ ಮೇಲೆ.

"ನಾಳೆ ಇದೂ ಪಾಲಿಕೆಗೆ ಸೇರುತ್ತೆ ಸಾರ್, ರೇಟ್ ಡಬಲ್" ಅಂತ ಬ್ರೋಕರ್ ಹೇಳ್ತಾನೇ ಅವ್ನೆ. ಸೇರಿದ್ರೆ ಸೇರ್ಲಿ, ಆ ನಾಳೆ ರೇಟನ್ನ ಇವತ್ತೇ ಯಾಕ್ ಕೊಡ್ಬೇಕು?

ಈಗ ಅದೇ ದುಡ್ಡಿಗೆ ಟೌನ್ ಒಳಗೇ 20-30 ಸಿಗುತ್ತಾ ನೋಡು ಭಾವ ಅಂತವ್ನೆ. ನಮ್ಮತ್ತೆ ಮಾತ್ರ ಆ ಗುಂಟೆ ಸೈಟ್ ಮೂಲೇಲಿರೋ ತೆಂಗಿನ ಮರ ನೋಡ್ಕೊಂಡು ಬಂದವ್ರೆ, ಅದೇ ಬೇಕಂತೆ.