ನಾಲ್ಕು ಸೀಟು, ನಾಲ್ಕು ಹಾಡು

ಮಾವನವರಿಗೆ ತಾಳಮದ್ದಲೆ, ಹೆಂಡತಿಗೆ ಭಾವಗೀತೆ, ಮಗಳಿಗೆ ಕಾರ್ಟೂನು, ನನಗೆ ಹಳೇ ಸಿನಿಮಾ ಹಾಡು. ನಮ್ಮ ಓಮ್ನಿಯಲ್ಲಿ ಇದ್ದದ್ದು ಒಂದೇ ಸ್ಟೀರಿಯೊ. ಬೆಂಗಳೂರು ಬಿಟ್ಟರೆ ನೆಲಮಂಗಲ ಬರುವಷ್ಟರಲ್ಲಿ ಜಗಳ ಶುರು.

ಈ ಓಮ್ನಿ ಸೆಕೆಂಡ್ ಹ್ಯಾಂಡು. 2019ರಲ್ಲಿ ಅದರ ತಯಾರಿಕೆಯೇ ನಿಂತುಹೋಯಿತು. ನಾನು ಮಾತ್ರ ಹಿಂದಿನ ಸೀಟಿನ ಮೇಲೆ ಪ್ಲೈವುಡ್ ಹಲಗೆ ಹಾಕಿ, ಸೊಳ್ಳೆಪರದೆ ಕಟ್ಟಿ, ಒಂದು ಸ್ಟೌ ಇಟ್ಟು ಅದಕ್ಕೆ ‘ಕ್ಯಾಂಪರ್‌ವ್ಯಾನ್’ ಅಂತ ಹೆಸರಿಟ್ಟೆ. ಹೆಂಡತಿ ಈಗಲೂ ಅದನ್ನು ‘ತರಕಾರಿ ಗಾಡಿ’ ಅಂತಲೇ ಕರೆಯುತ್ತಾಳೆ.

ಜಗಳಕ್ಕೆ ನನ್ನ ಹತ್ತಿರ ಮದ್ದಿತ್ತು. ಟಿಡಿಎ7388 ಅಂತ ಒಂದು ಐಸಿ, ಅಂದರೆ ಪುಟ್ಟ ಎಲೆಕ್ಟ್ರಾನಿಕ್ ಚಿಪ್. ಕಾರಿಗಾಗಿಯೇ ಮಾಡಿದ್ದು, ಒಳಗೆ ನಾಲ್ಕು ಆಂಪ್ಲಿಫೈಯರ್, ನಾಲ್ಕಕ್ಕೂ ಬೇರೆ ಬೇರೆ ಇನ್‌ಪುಟ್. ಎಲ್ಲರೂ ನಾಲ್ಕು ಸ್ಪೀಕರಿಗೂ ಒಂದೇ ಹಾಡು ಕೊಡುತ್ತಾರೆ. ನಾನು ನಾಲ್ಕು ಫೋನು ಕೊಟ್ಟರೆ? ಸೀಟಿಗೊಂದು ಸ್ಪೀಕರು, ಅವರವರ ಹಾಡು ಅವರವರಿಗೆ. ಇದು ಇನ್ನೂ ಯಾರಿಗೂ ಯಾಕೆ ಹೊಳೆದಿಲ್ಲ ಅಂತ ಆ ರಾತ್ರಿ ನಿದ್ದೆಯೇ ಬರಲಿಲ್ಲ. ಯಾಕೆ ಹೊಳೆದಿಲ್ಲ ಅನ್ನೋದು ಆಮೇಲೆ ಗೊತ್ತಾಯಿತು.

ಬೆಂಗಳೂರಿನ ಎಸ್.ಪಿ. ರೋಡಿನ ಎಲೆಕ್ಟ್ರಾನಿಕ್ಸ್ ಅಂಗಡಿಯವರು ಐಸಿ ಕೊಡುತ್ತಾ, "ಸರ್, ಹೀಟ್‌ಸಿಂಕ್ ದೊಡ್ಡದೇ ತಗೊಳ್ಳಿ, ಈ ಐಸಿ ಬಿಸಿಯಾಗುತ್ತೆ" ಅಂದರು. ಹೀಟ್‌ಸಿಂಕ್ ಅಂದರೆ ಐಸಿಯ ಬಿಸಿ ಹೀರಿ ಗಾಳಿಗೆ ಬಿಡುವ ಲೋಹದ ತುಂಡು. ನಾನು ಒಳಗೊಳಗೇ ನಕ್ಕೆ. ಇಡೀ ವ್ಯಾನೇ ತಗಡು. ಅದಕ್ಕೇ ಬೋಲ್ಟ್ ಹಾಕಿದರೆ ಮುಗೀತಲ್ವಾ? ಐಸಿಯ ಬೆನ್ನಿನ ಲೋಹವೂ ಗಾಡಿಯ ಮೈಯ ಹಾಗೆ ಅರ್ತೇ, ತಾಗಿದರೆ ಶಾರ್ಟ್ ಆಗೋ ಭಯವಿಲ್ಲ. ದುಡ್ಡು ಉಳಿಯಿತು.

ಐಸಿಗೆ ಇಪ್ಪತ್ತೈದು ಕಾಲು, ಎರಡು ಸಾಲಿನಲ್ಲಿ ಜರಿಹುಳದ ಹಾಗೆ. ಬಿಡಿಭಾಗ ಬೆಸೆಯೋಕೆ ತೂತು ಕೊರೆದಿರೋ ಜೀರೋ ಬೋರ್ಡಿನ ತೂತಿಗೂ ಇದರ ಕಾಲಿಗೂ ಜನ್ಮಕ್ಕೆ ಹೊಂದೋದಿಲ್ಲ. ಒಂದೊಂದೇ ಕಾಲನ್ನು ಇಕ್ಕಳದಲ್ಲಿ ಹಿಡಿದು ಬಗ್ಗಿಸಿ, ತುಂಡು ವೈರು ಬೆಸೆದೆ. ಹತ್ತೊಂಬತ್ತನೆಯದು ಮುರಿಯಿತು. ಮತ್ತೆ ಎಸ್.ಪಿ. ರೋಡು. "ಹೀಟ್‌ಸಿಂಕ್ ಬೇಕಾ ಸರ್?" "ಬೇಡ."

ವಾಟಿನ ಮೋಸವೂ ಆಗಲೇ ತಿಳಿಯಿತು. ಚಾನೆಲ್ಲಿಗೆ, ಅಂದರೆ ಒಂದೊಂದು ಸ್ಪೀಕರಿಗೆ, ನಲವತ್ತು ವಾಟಿಗೂ ಜಾಸ್ತಿ ಅಂತ ಡಬ್ಬಿಯ ಮೇಲೆ ಬರೆಯಬಹುದು. ಆದರೆ 12 ವೋಲ್ಟ್ ಬ್ಯಾಟರಿ, 4 ಓಮ್ ಸ್ಪೀಕರು ಇಟ್ಟುಕೊಂಡು ಲೆಕ್ಕ ಹಾಕಿದರೆ ಶುದ್ಧ ಸ್ವರಕ್ಕೆ ಸಿಗೋದು 18 ವಾಟ್ ಅಷ್ಟೇ. ಹಿಂದೆ ಟೇಪ್‌ರೆಕಾರ್ಡರುಗಳ ಮೇಲೆ ‘1000 ವಾಟ್ ಪಿಎಂಪಿಒ’ ಅಂತ ಉಬ್ಬಿಸಿದ ಲೆಕ್ಕ ಇರುತ್ತಿತ್ತಲ್ಲ, ಅದರ ಮುಂದೆ ಇದು ಸತ್ಯಹರಿಶ್ಚಂದ್ರ.

ಮರವಂತೆಗೆ ಹೊರಟೆವು. ಹಾಸನ ದಾಟಿದ ಮೇಲೆ ನಾಲ್ಕು ಫೋನೂ ಜೋಡಿಸಿ ಉದ್ಘಾಟನೆ ಮಾಡಿದೆ. ಓಮ್ನಿಯ ಉದ್ದ ಹನ್ನೊಂದು ಅಡಿ. ಅಷ್ಟು ತಗಡಿನೊಳಗೆ ‘ಅವರವರ ಹಾಡು’ ಅನ್ನೋದೇ ಇಲ್ಲ. ತಾಳಮದ್ದಲೆಯ ಕರ್ಣ "ನೀನಾರು?" ಅಂತ ಗುಡುಗಿದರೆ ಕಾರ್ಟೂನಿನ ಬೆಕ್ಕು "ಮಿಯಾಂವ್" ಅಂತು. ಭಾವಗೀತೆಯವರು ಒಂದು ಆಲಾಪ ಎಳೆಯುವಷ್ಟರಲ್ಲಿ ನನ್ನ ಹಾಡಿನ ಡೋಲಕ್ ನುಗ್ಗಿತು. ತಮ್ಮದು ಕೇಳಲಿ ಅಂತ ಮಾವ ವಾಲ್ಯೂಮ್ ಏರಿಸಿದರು. ಹೆಂಡತಿಯೂ ಏರಿಸಿದಳು. ಮಗಳಿಗಂತೂ ಹೇಳಿಕೊಡಬೇಕಾಗಿಯೇ ಇರಲಿಲ್ಲ. ಟೋಲ್ ಗೇಟಿನ ಹುಡುಗ ದುಡ್ಡು ಕೇಳೋದು ಬಿಟ್ಟು ಒಳಗೆ ಇಣುಕಿ ನೋಡಿದ.

ಮರವಂತೆಯಲ್ಲಿ ಒಂದು ಕಡೆ ಸೌಪರ್ಣಿಕಾ, ಇನ್ನೊಂದು ಕಡೆ ಸಮುದ್ರ, ನಡುವೆ ಹೆದ್ದಾರಿ. ಎರಡು ರಾತ್ರಿ ಸುಖವಾಗಿ ಕಳೆದೆವು. ಮೂರನೇ ಬೆಳಗ್ಗೆ ಕೀ ತಿರುಗಿಸಿದರೆ ‘ಟಿಕ್’ ಅಂತು, ಅಷ್ಟೇ. ಐಸಿಯನ್ನು ಎಬ್ಬಿಸುವ, ಮಲಗಿಸುವ ಸ್ಟ್ಯಾಂಡ್‌ಬೈ ಕಾಲನ್ನು ಕೀಗೆ ಸೇರಿಸಬೇಕಿತ್ತು. ನಾನು ಸೋಮಾರಿತನಕ್ಕೆ ನೇರ ಬ್ಯಾಟರಿಗೇ ಕೊಟ್ಟಿದ್ದೆ. ಹಾಡದಿದ್ದರೂ ಅದು ಎಚ್ಚರವಾಗಿಯೇ ಕೂತು, ಹೆಚ್ಚುಕಮ್ಮಿ 0.2 ಆಂಪಿಯರ್ ಕುಡಿಯುತ್ತಿತ್ತು. ದಿನಕ್ಕೆ ಐದು ಆಂಪಿಯರ್-ಅವರ್. ಜೊತೆಗೆ ರಾತ್ರಿಯಿಡೀ ಫ್ಯಾನು, ಲೈಟು. ಹಳೇ ಬ್ಯಾಟರಿ ಎಷ್ಟು ಅಂತ ತಡೆಯುತ್ತೆ?

ದಡದಲ್ಲಿ ಬಲೆ ಬಿಡಿಸುತ್ತಿದ್ದ ಮೂವರು ಬಂದು ಗಾಡಿಗೆ ಕೈ ಹಚ್ಚಿದರು. ಅಷ್ಟೊಂದು ಸ್ಪೀಕರು ನೋಡಿ ಒಬ್ಬರು, "ಹ್ವಾಯ್, ಒಂದ್ ಪದ್ಯ ಆರೂ ಹಾಕಿ ಮಾರ್ರೆ, ತಳ್ಳುಕೆ ಉಮೇದ್ ಬತ್ತ್" ಅಂದರು. ಹೆಂಡತಿ ನನ್ನ ಮುಖ ನೋಡಲಿಲ್ಲ. ಸೆಕೆಂಡ್ ಗೇರಿನಲ್ಲಿ ಕ್ಲಚ್ ಬಿಟ್ಟೆ, ಗಾಡಿ ಕೆಮ್ಮಿ ಎದ್ದಿತು.

ವಾಪಸು ಚಾರ್ಮಾಡಿ ಘಾಟಿ ಹತ್ತುವಾಗ ಇನ್ನೊಂದು ವಿಚಿತ್ರ. ನಾಲ್ಕೈದು ತಿರುವು ಏರುವಷ್ಟರಲ್ಲಿ ನಾಲ್ಕು ಹಾಡೂ ಕುಗ್ಗುತ್ತಾ ಕುಗ್ಗುತ್ತಾ ಪಿಸುಮಾತಾಗಿ, ಕೊನೆಗೆ ನಿಂತೇಹೋದವು. ಕರ್ಣನೂ ಸುಮ್ಮನಾದ, ಬೆಕ್ಕೂ ಸುಮ್ಮನಾಯಿತು. ಕಿಟಕಿಯಾಚೆ ಜೀರುಂಡೆ, ಎಲ್ಲೋ ನೀರಿನ ಸದ್ದು. ಮಾವ ಗೊರಕೆ ಹೊಡೆದರು.

ಕೊಟ್ಟಿಗೆಹಾರದಲ್ಲಿ ಎಲ್ಲರೂ ಟೀ ಕುಡಿಯುವಾಗ ನಾನು ಕೈ ಹಾಕಿ ಐಸಿ ಮುಟ್ಟಿದೆ. ಬೆರಳು ಚುರ್ ಅಂತು. ಒಳಗಿನ ಬಿಸಿ 150 ಡಿಗ್ರಿ ಆಸುಪಾಸಿಗೆ ಬಂದರೆ ಈ ಐಸಿ ತಾನಾಗಿಯೇ ದನಿ ತಗ್ಗಿಸಿಕೊಳ್ಳುತ್ತದೆ, ಸುಟ್ಟುಹೋಗದಿರಲಿ ಅಂತ. ಆದರೆ ತಗಡೇ ಹೀಟ್‌ಸಿಂಕ್ ಅಲ್ವಾ? ಹೌದು. ಓಮ್ನಿಯ ಎಂಜಿನ್ ಇರೋದು ಮುಂದಿನ ಸೀಟಿನ ಕೆಳಗೆ. ನಾನು ಬೋಲ್ಟ್ ಹಾಕಿದ್ದು ಆ ಸೀಟಿನ ಹಿಂಬದಿಯ ತಗಡಿಗೆ. ಈ ಕಡೆ ನನ್ನ ಐಸಿ, ಆ ಕಡೆ ಘಾಟಿ ಹತ್ತಿ ಕೆಂಡವಾಗಿದ್ದ ಎಂಜಿನ್. ತಂಪು ಮಾಡಲು ಒಲೆಯ ಮೇಲೆ ಕೂರಿಸಿದ್ದೆ.

ಊರಿಗೆ ಬಂದವನೇ ಮತ್ತೆ ಎಸ್.ಪಿ. ರೋಡಿಗೆ ಹೋದೆ. ಅಂಗಡಿಯವರು ಏನೂ ಕೇಳದೆ ಅತಿ ದೊಡ್ಡ ಹೀಟ್‌ಸಿಂಕನ್ನೇ ಎತ್ತಿ ಮೇಜಿನ ಮೇಲಿಟ್ಟರು. ಭಾನುವಾರ ಸ್ಕ್ರೂಡ್ರೈವರ್ ಹಿಡಿದು ವ್ಯಾನಿಗೆ ಇಳಿದರೆ ಮೂವರೂ ಬಾಗಿಲಲ್ಲಿ ನಿಂತಿದ್ದರು.

"ರೀ, ಅದು ಅಲ್ಲೇ ಇರಲಿ" ಅಂದಳು ಹೆಂಡತಿ.

"ಘಾಟಿ ಬಂದಾಗ ಒಂಚೂರು ಒಳ್ಳೇ ನಿದ್ದೆ ಬರುತ್ತೆ ಅಳಿಯಂದ್ರೇ" ಅಂದರು ಮಾವ.

ಮಗಳು ಸ್ಕ್ರೂಡ್ರೈವರ್ ಇಸಿದುಕೊಂಡು ಹೋದಳು. ಹೀಟ್‌ಸಿಂಕ್ ಈಗ ಅಡುಗೆಮನೆಯಲ್ಲಿದೆ. ಸಾರಿನ ಪಾತ್ರೆ ಇಳಿಸಿಡೋಕೆ ತುಂಬಾ ಚೆನ್ನಾಗಿದೆಯಂತೆ.